ಒಂದು ಡಾಲರ್‌ನ ಸಹಿ: ಗಿಟಾರ್‌ನ ಭಾಷೆಯನ್ನೇ ಬದಲಿಸಿದ ಜಿಮಿ ಹೆಂಡ್ರಿಕ್ಸ್

ಹೋದ ಭಾನುವಾರ ಹಾಕಿದ ವಿಡಿಯೋದ ಬರಹ ರೂಪ ಇದು. ಮಾತಾಡುವಾಗ ಅಲ್ಲಲ್ಲಿ ದಾರಿ ತಪ್ಪಿದ್ದನ್ನು ಇಲ್ಲಿ ನೇರ ಮಾಡಿದ್ದೇನೆ, ಒಂದೆರಡು ಕಡೆ ವಿವರ ಸೇರಿಸಿದ್ದೇನೆ. ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋರಿಗೆ ಅನುಕೂಲ ಆಗಲಿ ಅಂತ.

ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಮೊದಲ ಕೆಲಸದ ಕಾಗದಪತ್ರಗಳನ್ನು ಪೂರ್ತಿ ಓದಿ ಸಹಿ ಹಾಕಿದ್ರಾ? ನಾನಂತೂ ಓದಲಿಲ್ಲ. ಹದಿನಾಲ್ಕು ಪುಟ ಇತ್ತು, ನಾನು ನೋಡಿದ್ದು ಸಂಬಳ ಬರೆದಿದ್ದ ಒಂದೇ ಸಾಲು. ಎರಡು ವರ್ಷದ ಬಾಂಡ್ ಇದೆ, ಮಧ್ಯೆ ಬಿಟ್ಟರೆ ದುಡ್ಡು ಕಟ್ಟಬೇಕು, ಅಲ್ಲಿವರೆಗೂ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಬೀರುವಿನಲ್ಲೇ ಇರುತ್ತೆ ಅನ್ನೋದು ತಲೆಗೆ ಹೋಗಿದ್ದು ಎಂಟೆಕ್ ಸೀಟು ಸಿಕ್ಕಿ ಕೆಲಸ ಬಿಡಲು ಹೋದಾಗ. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದು ಕಟ್ಟಿದರು. ಬೈಯಲಿಲ್ಲ. "ಸಹಿ ಹಾಕೋಕೆ ಮುಂಚೆ ಒಂದ್ಸಲ ಓದಬಾರದೇನೋ" ಅಂದರು, ಅಷ್ಟೇ. ಆ ಮಾತು ಬೈಗುಳಕ್ಕಿಂತ ಜಾಸ್ತಿ ದಿನ ಉಳೀತು.

ಆ ನೋವು ಹಸಿಯಾಗಿದ್ದಾಗಲೇ ಹಾಸ್ಟೆಲ್‌ನಲ್ಲಿ ಕೂತು ಒಬ್ಬ ಗಿಟಾರ್ ವಾದಕನ ಬಗ್ಗೆ ಓದಿದೆ. 1965ರ ಅಕ್ಟೋಬರ್‌ನಲ್ಲಿ, ಇಪ್ಪತ್ತೆರಡನೇ ವಯಸ್ಸಿನಲ್ಲಿ, ನ್ಯೂಯಾರ್ಕ್‌ನಲ್ಲಿ ಒಂದು ಕರಾರಿಗೆ ಸಹಿ ಹಾಕಿದ್ದ. ಮೂರು ವರ್ಷ ಆ ಒಂದೇ ಸಂಸ್ಥೆಗೆ ನುಡಿಸಬೇಕು, ಹಾಡಬೇಕು. ಪ್ರತಿಯಾಗಿ ಸಿಗೋದು ಒಂದು ಡಾಲರ್, ಜೊತೆಗೆ ಮಾರಾಟದಲ್ಲಿ ಶೇಕಡಾ 1 ರಾಯಲ್ಟಿ. ಹೌದು, ಒಂದೇ ಡಾಲರ್. ಎರಡು ವರ್ಷದೊಳಗೆ ಅವನು ಜಗತ್ತಿನ ಅತಿ ದೊಡ್ಡ ಗಿಟಾರ್ ವಾದಕ ಆದ. ಆ ಕಾಗದ ಮಾತ್ರ ಅವನ ಬೆನ್ನು ಬಿಡಲಿಲ್ಲ, ಸತ್ತ ಮೇಲೂ.

ಅವನೇ ಜಿಮಿ ಹೆಂಡ್ರಿಕ್ಸ್. ಏಕವಚನದಲ್ಲೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. 27ಕ್ಕೇ ಹೋದ ಹುಡುಗ, ಈಗ ನನಗಿಂತ ಚಿಕ್ಕವನು.

ಗುಜರಿಯಲ್ಲಿ ಸಿಕ್ಕ ಒಂದು ತಂತಿ

ಹೆಂಡ್ರಿಕ್ಸ್ ಹುಟ್ಟಿದ್ದು 1942ರ ನವೆಂಬರ್ 27ರಂದು, ಅಮೆರಿಕದ ಸಿಯಾಟಲ್‌ನಲ್ಲಿ. ಇವತ್ತು ಸಿಯಾಟಲ್ ಅಂದರೆ ನಮಗೆಲ್ಲ ಮೈಕ್ರೋಸಾಫ್ಟ್, ಅಮೆಜಾನ್, ಆನ್‌ಸೈಟ್‌ಗೆ ಹೋದ ಯಾರೋ ಒಬ್ಬ ಫ್ರೆಂಡ್. ಆಗ ಅವನ ಮನೆಯ ಸ್ಥಿತಿ ಬೇರೆ ಥರ ಇತ್ತು. ತಾಯಿ ಲೂಸಿಲ್‌ಗೆ ಹದಿನೇಳು ವರ್ಷ. ತಂದೆ ಅಲ್ ಸೈನ್ಯದಲ್ಲಿದ್ದ, ಮಗು ಹುಟ್ಟಿದಾಗ ಊರಲ್ಲಿರಲಿಲ್ಲ. ತಾಯಿ ಇಟ್ಟ ಹೆಸರು ಜಾನಿ ಅಲೆನ್. ಯುದ್ಧ ಮುಗಿಸಿ ಬಂದ ತಂದೆ 1946ರಲ್ಲಿ ಅದನ್ನು ಜೇಮ್ಸ್ ಮಾರ್ಷಲ್ ಹೆಂಡ್ರಿಕ್ಸ್ ಅಂತ ಬದಲಿಸಿದ. ಬಡತನ, ಕುಡಿತ, ಜಗಳ, ಕೊನೆಗೆ ವಿಚ್ಛೇದನ. 1958ರಲ್ಲಿ ತಾಯಿ ತೀರಿಕೊಂಡಳು. ಅವನಿಗಿನ್ನೂ ಹದಿನೈದು.

ಶಾಲೆಯಲ್ಲಿದ್ದಾಗ ಕಸಪೊರಕೆಯನ್ನು ಗಿಟಾರ್ ಥರ ಹಿಡಿದು ತಿರುಗುತ್ತಿದ್ದನಂತೆ. 1957ರಲ್ಲಿ ಯಾರದೋ ಮನೆಯ ಹಳೇ ಸಾಮಾನು ಖಾಲಿ ಮಾಡಲು ಅಪ್ಪನ ಜೊತೆ ಹೋದಾಗ ಕಸದ ರಾಶಿಯಲ್ಲಿ ಒಂದು ಉಕುಲೇಲಿ ಸಿಕ್ಕಿತು. ನಾಲ್ಕು ತಂತಿ ಇರಬೇಕಾದ ಪುಟ್ಟ ವಾದ್ಯ, ಉಳಿದಿದ್ದು ಒಂದೇ. ಆ ಒಂದು ತಂತಿಯಲ್ಲೇ ರೇಡಿಯೋದ ಹಾಡುಗಳನ್ನು ಕಿವಿಯಿಂದ ಕೇಳಿ ಹುಡುಕಿ ನುಡಿಸಿದ. ಮರುವರ್ಷ 5 ಡಾಲರ್‌ಗೆ ಒಂದು ಹಳೆಯ ಗಿಟಾರ್ ಬಂತು, ಅದರ ಮುಂದಿನ ವರ್ಷ ಅಪ್ಪ ಒಂದು ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದ.

ಹುಡುಗ ಎಡಚ. ಎಡಗೈನವರಿಗೆ ಅಂತ ಮಾಡಿದ ಗಿಟಾರ್ ಸಿಗೋದು ಕಷ್ಟ, ಸಿಕ್ಕರೂ ದುಬಾರಿ. ಹಾಗಾಗಿ ಬಲಗೈ ಗಿಟಾರನ್ನೇ ತಲೆಕೆಳಗು ಮಾಡಿ, ತಂತಿಗಳನ್ನು ಹಿಂದುಮುಂದಾಗಿ ಕಟ್ಟಿಕೊಂಡ. ಹಳೆಯ ಫೋಟೋಗಳಲ್ಲಿ ಅವನ ಗಿಟಾರ್‌ನ ಗುಂಡಿಗಳೆಲ್ಲ ಮೇಲ್ಗಡೆ ಕಾಣೋದು ಅದಕ್ಕೇ. ಕೊನೆಯವರೆಗೂ ಬಹುಪಾಲು ಹೀಗೇ ನುಡಿಸಿದ.

1961ರಲ್ಲಿ ಕದ್ದ ಕಾರಿನಲ್ಲಿ ಎರಡು ಸಲ ಸಿಕ್ಕಿಬಿದ್ದ. ಜೈಲೋ ಸೈನ್ಯವೋ ಅಂದರು. ಸೈನ್ಯ ಅಂದ. 101ನೇ ವಾಯುದಳ, ಅಂದರೆ ಪ್ಯಾರಾಶೂಟ್ ಕಟ್ಟಿಕೊಂಡು ವಿಮಾನದಿಂದ ಹಾರುವ ದಳ. ಅಲ್ಲಿ ಅವನಿಗೆ ಬಿಲ್ಲಿ ಕಾಕ್ಸ್ ಅನ್ನೋ ಬೇಸ್ ಗಿಟಾರ್ ನುಡಿಸುವ ಗೆಳೆಯ ಸಿಕ್ಕಿದ. ಸೈನಿಕನಾಗಿ ಇವನು ಯಾರಿಗೂ ಬೇಡವಾಗಿದ್ದ, 1962ರಲ್ಲಿ ಕಳಿಸಿಬಿಟ್ಟರು. ಈ 101ನೇ ದಳವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಪಕ್ಕವಾದ್ಯದವನ ಮೂರು ವರ್ಷ

ಮುಂದಿನ ಮೂರು ವರ್ಷ ಅವನು ಬೇರೆಯವರ ಹಿಂದೆ ನಿಂತು ನುಡಿಸಿದ. ಅಮೆರಿಕದ ದಕ್ಷಿಣದಲ್ಲಿ ಆಗ ಕರಿಯರಿಗೆ ಬೇರೆ ಹೋಟೆಲ್, ಬೇರೆ ಬಸ್ ಸೀಟು. ಕರಿಯ ಕಲಾವಿದರು ಧೈರ್ಯವಾಗಿ ಕಾರ್ಯಕ್ರಮ ಕೊಡಬಹುದಾದ ಕ್ಲಬ್ಬುಗಳ ಒಂದು ಸಾಲೇ ಇತ್ತು, ಅದಕ್ಕೆ 'ಚಿಟ್ಲಿನ್ ಸರ್ಕ್ಯೂಟ್' ಅಂತಿದ್ದರು. ನಮ್ಮ ಕಂಪನಿ ನಾಟಕದವರು ಊರೂರು ಸುತ್ತಿದ ಹಾಗೆ ಸುತ್ತೋದು. ಐಸ್ಲಿ ಬ್ರದರ್ಸ್ ಜೊತೆ, ಆಮೇಲೆ ಲಿಟಲ್ ರಿಚರ್ಡ್ ಜೊತೆ ನುಡಿಸಿದ. ಪಕ್ಕವಾದ್ಯದವನು ಮುಖ್ಯ ಗಾಯಕನಿಗಿಂತ ಜಾಸ್ತಿ ಮಿಂಚಬಾರದು ಅನ್ನೋ ನಿಯಮ ಎಲ್ಲ ಕಡೆಯೂ ಇದೆಯಲ್ಲ? ಹಲ್ಲಿನಿಂದ ತಂತಿ ಮೀಟೋನು, ಬೆನ್ನ ಹಿಂದೆ ಗಿಟಾರ್ ಹಿಡಿಯೋನು ಅಂಥ ಕೆಲಸದಲ್ಲಿ ಎಷ್ಟು ದಿನ ಉಳಿತಾನೆ?

ಆ ಒಂದು ಡಾಲರ್‌ನ ಸಹಿ ಬಿದ್ದದ್ದು ಈ ಕಾಲದಲ್ಲೇ. ಕರ್ಟಿಸ್ ನೈಟ್ ಅನ್ನೋ ಗಾಯಕನ ತಂಡದಲ್ಲಿದ್ದ. ಎಡ್ ಚಾಲ್ಪಿನ್ ಅನ್ನೋ ನಿರ್ಮಾಪಕ ಕಾಗದ ಮುಂದಿಟ್ಟ, ಇವನು ಸಹಿ ಹಾಕಿದ. ಕೈಯಲ್ಲಿ ಕಾಸಿಲ್ಲ, ಸ್ಟುಡಿಯೋ ಒಳಗೆ ಹೋಗೋ ಅವಕಾಶ ಸಿಕ್ತಿದೆ. ಆ ಹೊತ್ತಲ್ಲಿ ಯಾರು ತಾನೇ ಕರಾರು ಓದ್ತಾರೆ? ನನಗಂತೂ ಅವನನ್ನು ದಡ್ಡ ಅನ್ನೋಕೆ ಬಾಯಿ ಬರಲ್ಲ.

ಲಂಡನ್: ಊರು ಬಿಟ್ಟ ಮೇಲೆ ಸಿಕ್ಕ ಊರು

1966ರ ಬೇಸಿಗೆ. ನ್ಯೂಯಾರ್ಕ್‌ನ ಗ್ರೀನಿಚ್ ವಿಲೇಜ್‌ನಲ್ಲಿ 'ಕೆಫೆ ವಾ' ಅನ್ನೋ ಸಣ್ಣ ಜಾಗ. ಅಲ್ಲಿ ಇವನು ನುಡಿಸುತ್ತಿದ್ದ. ಲಿಂಡಾ ಕೀತ್ ಅನ್ನೋ ಇಂಗ್ಲಿಷ್ ಹುಡುಗಿ ಇವನನ್ನು ಕೇಳಿ, ಗೊತ್ತಿದ್ದವರಿಗೆಲ್ಲ "ಒಮ್ಮೆ ಬಂದು ಕೇಳಿ" ಅಂತ ಹಿಂದೆ ಬಿದ್ದಳು. ಕೊನೆಗೆ ಬಂದವನು ಚಾಸ್ ಚಾಂಡ್ಲರ್, 'ಆನಿಮಲ್ಸ್' ಬ್ಯಾಂಡಿನ ಬೇಸ್ ವಾದಕ. ಬ್ಯಾಂಡು ಬಿಟ್ಟು ನಿರ್ಮಾಪಕ ಆಗೋಣ ಅಂತಿದ್ದ. ಅವನಿಗೆ 'ಹೇ ಜೋ' ಹಾಡನ್ನು ಯಾರ ಕೈಲಾದರೂ ರೆಕಾರ್ಡ್ ಮಾಡಿಸಬೇಕು ಅನ್ನೋ ಆಸೆ ಇತ್ತು. ಇವನು ನುಡಿಸುತ್ತಿದ್ದ ಹಾಡುಗಳಲ್ಲಿ ಅದೂ ಇತ್ತು.

1966ರ ಸೆಪ್ಟೆಂಬರ್ 24ಕ್ಕೆ ಹೆಂಡ್ರಿಕ್ಸ್ ಲಂಡನ್‌ನಲ್ಲಿ ಇಳಿದ. ಒಂದು ವಾರದಲ್ಲೇ ಆಗಿನ ಲಂಡನ್‌ನ ಹೀರೋ ಎರಿಕ್ ಕ್ಲಾಪ್ಟನ್ ಇದ್ದ 'ಕ್ರೀಮ್' ತಂಡದ ವೇದಿಕೆ ಹತ್ತಿ ನುಡಿಸಿದ. ಕ್ಲಾಪ್ಟನ್ ಬೆಚ್ಚಿಬಿದ್ದ. ಡ್ರಮ್ಸ್‌ಗೆ ಮಿಚ್ ಮಿಚೆಲ್, ಬೇಸ್‌ಗೆ ನೋಯೆಲ್ ರೆಡಿಂಗ್ ಸೇರಿ 'ಜಿಮಿ ಹೆಂಡ್ರಿಕ್ಸ್ ಎಕ್ಸ್‌ಪೀರಿಯನ್ಸ್' ಆಯ್ತು. 'ಹೇ ಜೋ' ಬ್ರಿಟನ್ನಿನ ಪಟ್ಟಿಯಲ್ಲಿ 6ನೇ ಸ್ಥಾನ, 'ಪರ್ಪಲ್ ಹೇಝ್' 3ನೇ ಸ್ಥಾನ. 1967ರ ಮೇ ತಿಂಗಳಲ್ಲಿ ಮೊದಲ ಆಲ್ಬಮ್ 'ಆರ್ ಯು ಎಕ್ಸ್‌ಪೀರಿಯನ್ಸ್ಡ್' ಬಂದು 2ನೇ ಸ್ಥಾನಕ್ಕೆ ನಿಂತಿತು. ಮೇಲೆ ಕೂತಿದ್ದು ಬೀಟಲ್ಸ್‌ನ 'ಸಾರ್ಜೆಂಟ್ ಪೆಪರ್'. ಆ ಆಲ್ಬಮ್ ಬಂದ ಕೆಲವೇ ದಿನಕ್ಕೆ ಅದರ ಶೀರ್ಷಿಕೆ ಹಾಡನ್ನೇ ಲಂಡನ್‌ನ ವೇದಿಕೆಯಲ್ಲಿ ಇವನು ತನ್ನ ರೀತಿಯಲ್ಲಿ ನುಡಿಸಿದ. ಕೇಳುಗರ ನಡುವೆ ಕೂತಿದ್ದವರಲ್ಲಿ ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಇದ್ದರು!

ನಮ್ಮಂಥವರಿಗೆ ಹಿಡಿಸೋ ಒಂದು ವಿಷಯ. 1968ರಲ್ಲಿ ಅವನು ಲಂಡನ್‌ನ ಬ್ರೂಕ್ ಸ್ಟ್ರೀಟ್‌ನಲ್ಲಿ 23ನೇ ನಂಬರಿನ ಮನೆಯ ಮೇಲ್ಮಹಡಿಗೆ ಬಾಡಿಗೆಗೆ ಹೋದ. ಪಕ್ಕದ ಗೋಡೆಯ ಆಚೆ, 25ನೇ ನಂಬರಿನಲ್ಲಿ, ಇನ್ನೂರು ವರ್ಷದ ಹಿಂದೆ ಸಂಗೀತಗಾರ ಹ್ಯಾಂಡೆಲ್ ಇದ್ದ. ಅವನೂ ಜರ್ಮನಿ ಬಿಟ್ಟು ಲಂಡನ್‌ಗೆ ಬಂದವನು, 1723ರಿಂದ ಸಾಯುವವರೆಗೆ ಅದೇ ಮನೆಯಲ್ಲಿದ್ದ. ವಿಷಯ ಗೊತ್ತಾದ ಮೇಲೆ ಹೆಂಡ್ರಿಕ್ಸ್ ಹೋಗಿ ಹ್ಯಾಂಡೆಲ್‌ನ ರೆಕಾರ್ಡುಗಳನ್ನು ತಂದ. ಈಗ ಎರಡೂ ಮನೆ ಸೇರಿ ಒಂದು ಮ್ಯೂಸಿಯಂ. ಬಾಡಿಗೆ ಮನೆಯಲ್ಲಿದ್ದ ಇಬ್ಬರು ಹೊರಗಿನವರು ಆ ಬೀದಿಗೆ ಹೆಸರು ತಂದರು. ಹಿಂಜವಡಿಯ ಬಾಡಿಗೆ ಫ್ಲ್ಯಾಟಲ್ಲಿ ಕೂತು ಇದನ್ನು ಓದಿದಾಗ ನನಗೆ ಯಾಕೋ ಖುಷಿ ಆಯ್ತು.

ಆ ಸದ್ದು ಹೇಗೆ ಬಂತು

ಈಗ ಎಂಜಿನಿಯರ್‌ಗಳಿಗೆ ಇಷ್ಟವಾಗೋ ಭಾಗ. ಹೆಂಡ್ರಿಕ್ಸ್‌ಗಿಂತ ವೇಗವಾಗಿ ನುಡಿಸೋರು ಆಗಲೂ ಇದ್ದರು, ಈಗ ಯೂಟ್ಯೂಬ್ ತೆಗೆದರೆ ಹನ್ನೆರಡು ವರ್ಷದ ಮಕ್ಕಳೂ ಇದ್ದಾರೆ. ಹಾಗಿದ್ದರೆ ಅವನು ಮಾಡಿದ್ದೇನು?

ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತೆ. ಅದು ಸ್ವಚ್ಛವಾಗಿ ಹಿಗ್ಗಿಸಬೇಕು, ಸದ್ದು ಒಡೆದರೆ ದೋಷ ಅಂತ ಉಪಕರಣ ಮಾಡುವವರು ನಂಬಿದ್ದರು. ಆದರೆ ಶಕ್ತಿ ಮೀರಿ ತಳ್ಳಿದರೆ ಅಲೆಯ ತುದಿ ಕತ್ತರಿಸಿ ಹೋಗುತ್ತೆ. ನಾವು ಲ್ಯಾಬಿನಲ್ಲಿ ಕ್ಲಿಪ್ಪಿಂಗ್ ಅಂತಿದ್ದೆವಲ್ಲ, ಅದೇ. ಹಾಗೆ ಕತ್ತರಿಸಿದಾಗ ಮೂಲ ಸ್ವರದ ಜೊತೆ ಹೊಸ ಹೊಸ ಮೇಲ್ಸ್ವರಗಳು ಹುಟ್ಟುತ್ತವೆ. ಸದ್ದು ದಪ್ಪ ಆಗುತ್ತೆ, ಒರಟಾಗುತ್ತೆ. ಅವನಿಗಿಂತ ಮುಂಚೆಯೇ ಕೆಲವರು ಇದನ್ನು ಬಳಸಿದ್ದರು. ಅವನು ಅದನ್ನು ಒಂದು ಮಾತಿನ ಧಾಟಿ ಮಾಡಿಕೊಂಡ.

ಎರಡನೆಯದು ಫೀಡ್‌ಬ್ಯಾಕ್. ಗಣೇಶನ ಪೆಂಡಾಲಲ್ಲಿ "ಹಲೋ ಮೈಕ್ ಟೆಸ್ಟಿಂಗ್" ಅಂದ ತಕ್ಷಣ ಕುಂಯ್ ಅಂತ ಕಿವಿ ಚುಚ್ಚುತ್ತಲ್ಲ? ಸ್ಪೀಕರಿನ ಸದ್ದು ಮೈಕಿಗೆ, ಮೈಕಿಂದ ಮತ್ತೆ ಸ್ಪೀಕರಿಗೆ, ಒಂದು ಲೂಪ್. ಎಲ್ಲರೂ ಓಡಿಹೋಗಿ ವಾಲ್ಯೂಮ್ ಇಳಿಸ್ತಾರೆ. ಹೆಂಡ್ರಿಕ್ಸ್ ಮಾರ್ಷಲ್ ಆಂಪ್‌ಗಳನ್ನು ಗೋಡೆ ಥರ ಜೋಡಿಸಿ, ವಾಲ್ಯೂಮ್ ಏರಿಸಿ, ಗಿಟಾರ್ ಹಿಡಿದು ಅದರ ಎದುರೇ ನಿಲ್ಲುತ್ತಿದ್ದ. ಸ್ಪೀಕರಿನ ಗಾಳಿ ತಂತಿಯನ್ನು ಅದುರಿಸುತ್ತೆ, ಮೀಟದೇನೇ ಸ್ವರ ನಿಂತುಬಿಡುತ್ತೆ. ಎಷ್ಟು ದೂರ ನಿಲ್ಲಬೇಕು, ಯಾವ ಕೋನ, ಯಾವ ತಂತಿಯನ್ನು ಅಂಗೈಯಲ್ಲಿ ಮುಚ್ಚಬೇಕು, ಎಲ್ಲ ಅವನಿಗೆ ಮೈಯಲ್ಲೇ ಗೊತ್ತಿತ್ತು. ಬೇರೆಯವರು ಬಗ್ ಅಂದಿದ್ದನ್ನು ಅವನು ವಾದ್ಯದ ಭಾಗ ಮಾಡಿದ.

ಮೂರನೆಯದು ನನಗೆ ತುಂಬಾ ಇಷ್ಟ. ರೋಜರ್ ಮೇಯರ್ ಅನ್ನೋ ಎಂಜಿನಿಯರ್ ಬ್ರಿಟಿಷ್ ನೌಕಾಪಡೆಗಾಗಿ ಧ್ವನಿ ಸಂಶೋಧನೆಯ ಕೆಲಸ ಮಾಡುತ್ತಿದ್ದವನು. ಅವನು ಹೆಂಡ್ರಿಕ್ಸ್‌ಗೆ 'ಆಕ್ಟೇವಿಯಾ' ಅನ್ನೋ ಪುಟ್ಟ ಡಬ್ಬಿ ಮಾಡಿಕೊಟ್ಟ. ಫುಲ್ ವೇವ್ ರೆಕ್ಟಿಫೈಯರ್ ಪ್ರಯೋಗ ನೆನಪಿದೆಯಾ? ಅಲೆಯ ಕೆಳಗಿನ ಅರ್ಧವನ್ನು ಮೇಲಕ್ಕೆ ಮಡಚಿದರೆ 50 ಹರ್ಟ್ಸ್ ಒಳಗೆ ಹೋಗಿದ್ದು 100 ಹರ್ಟ್ಸ್ ಆಗಿ ಬರುತ್ತೆ. ಸಂಗೀತದಲ್ಲಿ ಆವರ್ತನ ಎರಡರಷ್ಟಾದರೆ ಏನು? ಮಧ್ಯ ಷಡ್ಜ ತಾರ ಷಡ್ಜ ಆಯ್ತು. 'ಪರ್ಪಲ್ ಹೇಝ್' ಸೋಲೋದಲ್ಲಿ ಕೇಳೋ ಆ ಚೀರುವ ಮೇಲಿನ ಸ್ವರ ಇದೇ ತತ್ವದ್ದು. ಲ್ಯಾಬಿನಲ್ಲಿ ನಾನು ಗ್ರಾಫ್ ಶೀಟ್ ಮೇಲೆ ಬರೆದು, ಲೆಕ್ಚರರ್ ಸಹಿ ಹಾಕಿಸಿಕೊಂಡು ಮರೆತ ಅಲೆ ಅದು. ಯಾರಾದರೂ ಅವತ್ತು ಆ ಹಾಡು ಹಾಕಿ ತೋರಿಸಿದ್ದರೆ ಚೆನ್ನಾಗಿರ್ತಿತ್ತು.

ಬೆಂಕಿ, ಮತ್ತೊಬ್ಬ ವಾದಕನ ಬೇಸರ

1967ರ ಜೂನ್ 18, ಕ್ಯಾಲಿಫೋರ್ನಿಯಾದ ಮಾಂಟೆರಿ ಉತ್ಸವ. ಮೆಕಾರ್ಟ್ನಿ ಶಿಫಾರಸಿನಿಂದ ಹೆಂಡ್ರಿಕ್ಸ್‌ಗೆ ಕರೆ ಬಂದಿತ್ತು. ಊರು ಬಿಟ್ಟು ಹೋದವನು ವಾಪಸ್ ಬಂದು ಊರವರ ಮುಂದೆ ನುಡಿಸಬೇಕು. ಕೊನೆಯಲ್ಲಿ ಗಿಟಾರ್‌ಗೆ ಬೆಂಕಿ ಹಚ್ಚಿ, ಬಡಿದು ಒಡೆದ. ಆ ಚಿತ್ರ ಜಗತ್ತಿಗೆಲ್ಲ ಹೋಯ್ತು.

ಅದೇ ದಿನ ಮಧ್ಯಾಹ್ನ ಅದೇ ವೇದಿಕೆಯಲ್ಲಿ ಪಂಡಿತ್ ರವಿಶಂಕರ್ ಅವರು ಅಲ್ಲಾ ರಖಾ ಅವರ ತಬಲಾ ಜೊತೆ ಸಿತಾರ್ ನುಡಿಸಿದ್ದರು. ಹೆಂಡ್ರಿಕ್ಸ್‌ನ ವಾದನ ಅವರಿಗೆ ಮೆಚ್ಚುಗೆಯಾಗಿತ್ತು, ಬೆಂಕಿ ಹಚ್ಚಿದ್ದು ಮಾತ್ರ ತೀರಾ ನೋವಾಯ್ತು ಅಂತ ಮುಂದೆ ಹೇಳಿಕೊಂಡರು. ನಮಗೆ ಇದು ಅರ್ಥ ಆಗುತ್ತೆ. ಆಯುಧಪೂಜೆ ದಿನ ಲ್ಯಾಪ್‌ಟಾಪ್‌ಗೂ ಕುಂಕುಮ ಇಡೋ ಜನ ನಾವು, ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವವರು. ಈ ವಿಷಯದಲ್ಲಿ ನಾನು ರವಿಶಂಕರ್ ಅವರ ಕಡೆಗೇ. ಆದರೆ ಒಂದು ಮಾತು: ಆ ಬೆಂಕಿಯಿಂದಾಗಿ ಜನ ಅವನ ಬೆರಳು ನೋಡೋದು ಬಿಟ್ಟರು. ಆಮೇಲೆ ಎಲ್ಲಿ ಹೋದರೂ "ಹಲ್ಲಲ್ಲಿ ನುಡಿಸು, ಬೆಂಕಿ ಹಚ್ಚು" ಅಂತ ಕೇಳೋರು. ಅವನಿಗೇ ಅದು ಸಾಕಾಗಿ ಹೋಯ್ತು.

1969ರ ಆಗಸ್ಟ್ 18, ವುಡ್‌ಸ್ಟಾಕ್. ಮೂರು ದಿನದ ಉತ್ಸವ ಮಳೆ, ಕೆಸರಿನಲ್ಲಿ ತಡವಾಗಿ ಸೋಮವಾರ ಬೆಳಗ್ಗೆಗೆ ಎಳೆದುಕೊಂಡು ಬಂದಿತ್ತು. ಲಕ್ಷಗಟ್ಟಲೆ ಜನರಲ್ಲಿ ಬಹುಪಾಲು ಮನೆಗೆ ಹೋಗಿಯಾಗಿತ್ತು. ಉಳಿದವರ ಮುಂದೆ ಹೆಂಡ್ರಿಕ್ಸ್ ಅಮೆರಿಕದ ರಾಷ್ಟ್ರಗೀತೆಯನ್ನು ಗಿಟಾರ್ ಒಂದರಲ್ಲೇ ನುಡಿಸಿದ. ಸಾಲು ಸಾಲಿನ ಮಧ್ಯೆ ಫೀಡ್‌ಬ್ಯಾಕ್‌ನಿಂದ ಬಾಂಬ್ ಬೀಳುವ ಸದ್ದು, ಸೈರನ್, ಚೀತ್ಕಾರ. ವಿಯೆಟ್ನಾಂ ಯುದ್ಧ ನಡೀತಿತ್ತು. ಅವನಿದ್ದ 101ನೇ ದಳ ಆ ಬೆಳಗ್ಗೆಯೂ ವಿಯೆಟ್ನಾಂನಲ್ಲೇ ಇತ್ತು. ಪಕ್ಕದಲ್ಲಿ ಬೇಸ್ ಹಿಡಿದು ನಿಂತಿದ್ದವನು ಸೈನ್ಯದ ಗೆಳೆಯ ಬಿಲ್ಲಿ ಕಾಕ್ಸ್. ಟಿವಿಯಲ್ಲಿ ಇದರ ಬಗ್ಗೆ ಕೇಳಿದಾಗ, ನಾನೂ ಅಮೆರಿಕದವನೇ, ಅದಕ್ಕೆ ನುಡಿಸಿದೆ, ನನಗದು ಸುಂದರವಾಗೇ ಕೇಳಿಸಿತು ಅನ್ನೋ ಅರ್ಥದ ಮಾತು ಹೇಳಿದ.

ಕಾಗದ ವಾಪಸ್ ಬಂತು

ಚಾಂಡ್ಲರ್ ಕೈಹಿಡಿದಾಗ ಹಳೆಯ ಕರಾರುಗಳನ್ನು ದುಡ್ಡು ಕೊಟ್ಟು ಬಿಡಿಸಿಕೊಂಡಿದ್ದರು. ಚಾಲ್ಪಿನ್‌ನ ಒಂದು ಡಾಲರ್ ಕರಾರು ಮಾತ್ರ ಉಳಿದುಹೋಗಿತ್ತು. 1967ರಲ್ಲಿ ಇವನು ಹೆಸರು ಮಾಡಿದ ತಕ್ಷಣ ಚಾಲ್ಪಿನ್ ಕೋರ್ಟಿಗೆ ಹೋದ. ಹಳೆಯ ರೆಕಾರ್ಡಿಂಗ್‌ಗಳು ಹೆಂಡ್ರಿಕ್ಸ್ ಹೆಸರು, ಫೋಟೋ ಹಾಕಿಕೊಂಡು ಅಂಗಡಿಗೆ ಬಂದವು. ಇನ್ನೂ ವಿಚಿತ್ರ ಅಂದರೆ, ಕೇಸಿನ ಬಿಸಿ ಇರುವಾಗಲೇ ಇವನು ಹಳೇ ಸ್ನೇಹಕ್ಕೆ ಅದೇ ಸ್ಟುಡಿಯೋಗೆ ಹೋಗಿ ಕರ್ಟಿಸ್ ನೈಟ್ ಜೊತೆ ಮತ್ತೆ ನುಡಿಸಿ ಬಂದ. ನನ್ನ ಹೆಸರು ಹಾಕಬೇಡಿ ಅಂತ ಬಾಯಲ್ಲಿ ಹೇಳಿದ. ಬಾಯಿಮಾತು ಯಾವ ಕೋರ್ಟಲ್ಲಿ ನಡೆಯುತ್ತೆ?

ಕೊನೆಗೆ ರಾಜಿ ಆಯ್ತು. ಅಮೆರಿಕದಲ್ಲಿ ಒಂದು ಪೂರ್ತಿ ಹೊಸ ಆಲ್ಬಮ್ ಚಾಲ್ಪಿನ್ ಕಡೆಯ ಕ್ಯಾಪಿಟಲ್ ಕಂಪನಿಗೆ ಕೊಡಬೇಕು. ಅದಕ್ಕಾಗಿ ಹುಟ್ಟಿದ್ದು 1970ರ 'ಬ್ಯಾಂಡ್ ಆಫ್ ಜಿಪ್ಸೀಸ್', ಹೊಸ ವರ್ಷದ ಹೊತ್ತಿಗೆ ನ್ಯೂಯಾರ್ಕ್‌ನ ಫಿಲ್‌ಮೋರ್ ಈಸ್ಟ್‌ನಲ್ಲಿ ನಡೆದ ಕಛೇರಿಯ ರೆಕಾರ್ಡಿಂಗ್. ಬಿಲ್ಲಿ ಕಾಕ್ಸ್, ಡ್ರಮ್ಸ್‌ನಲ್ಲಿ ಬಡ್ಡಿ ಮೈಲ್ಸ್. ಅದರಲ್ಲಿರೋ 'ಮಷೀನ್ ಗನ್' ಅವನ ಅತ್ಯುತ್ತಮ ವಾದನ ಅಂತ ತುಂಬಾ ಜನ ಹೇಳ್ತಾರೆ, ನಾನೂ ಹೇಳ್ತೀನಿ. ಅಂದರೆ ಸಾಲ ತೀರಿಸೋಕೆ ಕೊಟ್ಟ ಕೆಲಸದಲ್ಲೂ ಅವನು ಕಳ್ಳಕೆಲಸ ಮಾಡಲಿಲ್ಲ.

ಇಷ್ಟೆಲ್ಲದರ ಮಧ್ಯೆ ಅವನಿಗೆ ಬೇಕಿದ್ದದ್ದು ತನ್ನದೇ ಜಾಗ. ನ್ಯೂಯಾರ್ಕ್‌ನಲ್ಲಿ ನೈಟ್‌ಕ್ಲಬ್ ಮಾಡೋಣ ಅಂತ ತಗೊಂಡ ಕಟ್ಟಡವನ್ನು ಎಂಜಿನಿಯರ್ ಎಡ್ಡಿ ಕ್ರೇಮರ್, ಆರ್ಕಿಟೆಕ್ಟ್ ಜಾನ್ ಸ್ಟೋರಿಕ್ ಸೇರಿ ಸ್ಟುಡಿಯೋ ಮಾಡಿದರು. 'ಎಲೆಕ್ಟ್ರಿಕ್ ಲೇಡಿ'. ಸಾಲ ಮಾಡಿ, ನೆಲದಡಿಯ ನೀರಿನ ಕಾಟ ತಡೆದು ಕಟ್ಟಿದ್ದು. ಉದ್ಘಾಟನೆ ಆಗಿದ್ದು 1970ರ ಆಗಸ್ಟ್ 26. ಮುಂದಿನ ತಿಂಗಳು 18ನೇ ತಾರೀಕು, ನಿದ್ದೆ ಮಾತ್ರೆ ಜಾಸ್ತಿಯಾಗಿ, ವಾಂತಿ ಉಸಿರಿಗೆ ಅಡ್ಡಬಂದು ಲಂಡನ್‌ನಲ್ಲಿ ತೀರಿಕೊಂಡ. ಆ ಸಾವಿನ ಸುತ್ತ ನೂರು ಕಥೆ ಇವೆ, ನಾನು ಆ ಕಡೆ ಹೋಗಲ್ಲ. ಲಂಡನ್‌ಗೆ ಇಳಿದ ದಿನದಿಂದ ಲೆಕ್ಕ ಹಾಕಿದರೆ ನಾಲ್ಕು ವರ್ಷಕ್ಕೆ ಆರು ದಿನ ಕಮ್ಮಿ. ನಮ್ಮ ಬಿಇ ಕೋರ್ಸಿನಷ್ಟು ಸಮಯ. ಅಷ್ಟರಲ್ಲಿ ಮೂರು ಸ್ಟುಡಿಯೋ ಆಲ್ಬಮ್, ಮತ್ತು ಇಡೀ ವಾದ್ಯದ ಹೊಸ ಭಾಷೆ.

ಯಾರದು ಈ ಸದ್ದು

ಉಯಿಲು ಬರೆದಿರಲಿಲ್ಲ. ಎಲ್ಲ ಅಪ್ಪ ಅಲ್‌ಗೆ ಹೋಯ್ತು, ಅಪ್ಪ ವ್ಯವಹಾರವನ್ನು ವಕೀಲರ ಕೈಗೆ ಕೊಟ್ಟ. ಇಪ್ಪತ್ತು ವರ್ಷ ಕಳೆದ ಮೇಲೆ ಮಗನ ಹಾಡುಗಳ ಹಕ್ಕು ತನ್ನ ಕೈತಪ್ಪಿದೆ ಅಂತ ಗೊತ್ತಾಗಿ 1993ರಲ್ಲಿ ಕೇಸು ಹಾಕಿದ. ಅದಕ್ಕೆ ಹಣದ ನೆರವು ಕೊಟ್ಟವನು ಯಾರು ಗೊತ್ತಾ? ಮೈಕ್ರೋಸಾಫ್ಟ್ ಕಟ್ಟಿದ ಇಬ್ಬರಲ್ಲಿ ಒಬ್ಬನಾದ ಪಾಲ್ ಅಲೆನ್, ಸಿಯಾಟಲ್‌ನವನೇ, ಹೆಂಡ್ರಿಕ್ಸ್ ಅಂದರೆ ಪ್ರಾಣ. 1995ರಲ್ಲಿ ಹಕ್ಕುಗಳು ತಂದೆಗೆ ವಾಪಸ್ ಬಂದವು. 2002ರಲ್ಲಿ ಅಲ್ ತೀರಿಕೊಂಡಾಗ ಉಯಿಲಿನಲ್ಲಿ ಜಿಮಿಯ ತಮ್ಮ ಲಿಯಾನ್‌ಗೆ ಪಾಲಿರಲಿಲ್ಲ. ಅವನು ಕೋರ್ಟಿಗೆ ಹೋಗಿ ಸೋತ. ಜೊತೆಗೆ ನುಡಿಸಿದ ರೆಡಿಂಗ್ ಮತ್ತು ಮಿಚೆಲ್ ಇಬ್ಬರೂ ಎಪ್ಪತ್ತರ ದಶಕದಲ್ಲೇ ಒಂದಿಷ್ಟು ಹಣಕ್ಕೆ ಹಕ್ಕು ಬಿಟ್ಟುಕೊಟ್ಟಿದ್ದರು. ಅವರೂ ಸತ್ತ ಮೇಲೆ ಅವರ ವಾರಸುದಾರರು ಲಂಡನ್‌ನಲ್ಲಿ ಕೇಸು ಹಾಕಿದರು. ತಂತಿ ಮೀಟಿದ ಮೂರೂ ಜನ ಇಲ್ಲ, ಕಾಗದಗಳು ಮಾತ್ರ ಆಮೇಲೂ ಜಗಳ ಆಡಿದವು.

ಆದರೆ ಆ ಸ್ಟುಡಿಯೋ ಉಳಿಯಿತು. ಅವನು ಕೆಲವೇ ವಾರ ಕೆಲಸ ಮಾಡಿದ ಜಾಗದಲ್ಲಿ ಎರಡು ವರ್ಷಕ್ಕೆ ಸ್ಟೀವಿ ವಂಡರ್ ಬಂದು ರೆಕಾರ್ಡ್ ಮಾಡಿದ. ಇವತ್ತಿಗೂ ಅಲ್ಲಿ ಕೆಲಸ ನಡೀತಿದೆ. ಬಾಬ್ ಡಿಲನ್ ತನ್ನದೇ ಹಾಡು 'ಆಲ್ ಅಲಾಂಗ್ ದ ವಾಚ್‌ಟವರ್' ಅನ್ನು ಆಮೇಲೆ ಹೆಂಡ್ರಿಕ್ಸ್‌ನ ರೀತಿಯಲ್ಲೇ ನುಡಿಸತೊಡಗಿದ. ಹಕ್ಕುಪತ್ರ ಯಾರ ಹೆಸರಲ್ಲಾದರೂ ಇರಲಿ, ಬರೆದವನೇ ಬಿಟ್ಟುಕೊಟ್ಟ ಹಾಡು ಅದು.

ನನ್ನ ಮಟ್ಟಿಗೆ ಹೇಳೋದಾದರೆ, ಈ ಕಥೆಯಿಂದ "ಕರಾರು ಓದಿ" ಅನ್ನೋ ನೀತಿ ತೆಗೆಯೋದು ಸುಲಭ. ಓದಿ, ದಯವಿಟ್ಟು ಓದಿ. ಕೆಲಸದ ಹೊತ್ತಿನಾಚೆ ಬರೆದ ಕೋಡ್ ಯಾರದು, ಬಿಟ್ಟ ಮೇಲೆ ಎಲ್ಲಿ ಸೇರಬಾರದು, ಅದೆಲ್ಲ ಆ ಹದಿನಾಲ್ಕು ಪುಟದಲ್ಲೇ ಇರುತ್ತೆ. ಆದರೆ ಹೊಟ್ಟೆ ಹಸಿದ 22ರ ಹುಡುಗ ಓದಲಿಲ್ಲ ಅಂತ ಅವನೊಬ್ಬನನ್ನೇ ಬೈದರೆ, ಒಂದು ಡಾಲರ್ ಅಂತ ಬರೆದು ಮುಂದಿಟ್ಟವನ ಬಗ್ಗೆ ಏನೂ ಹೇಳದ ಹಾಗಾಗುತ್ತೆ. ಈಗ ನಮ್ಮಲ್ಲಿ ಕೆಲವರು ಮೇಜಿನ ಆ ಕಡೆ ಕೂತಿದ್ದೀವಿ, ಹೊಸಬರನ್ನು ಇಂಟರ್‌ವ್ಯೂ ಮಾಡ್ತೀವಿ. ಹೋದ ತಿಂಗಳು ನನ್ನ ಟೀಮಿಗೆ ಸೇರಿದ ಹುಬ್ಬಳ್ಳಿ ಹುಡುಗನಿಗೆ "ಇವತ್ತೇ ಸಹಿ ಬೇಡಪ್ಪ, ಮನೆಗೆ ತಗೊಂಡ್ಹೋಗಿ ಓದು, ನಾಳೆ ಕೊಡು" ಅಂದೆ. "ಹಂಗ ಮಾಡಬಹುದೇನ್ರಿ ಸರ್?" ಅಂತ ಕೇಳಿದ.

ಅವನಿಗೆ 'ಮಷೀನ್ ಗನ್' ಲಿಂಕ್ ಕೂಡ ಕಳಿಸಿದ್ದೀನಿ. ನೀವೂ ಕೇಳಿ, ಹೆಡ್‌ಫೋನ್ ಹಾಕ್ಕೊಂಡು, ಕಣ್ಣು ಮುಚ್ಚಿ. ಸಾಲಕ್ಕೆ ಕೊಟ್ಟ ಆಲ್ಬಮ್ ಅಂತ ಗೊತ್ತಿದ್ದು ಕೇಳಿದರೆ ಅದು ಬೇರೆಯೇ ಕೇಳಿಸುತ್ತೆ. ಮುಂದಿನ ಭಾನುವಾರ ಸಿಗೋಣ.